ಖಾಲಿ ಕುರ್ಚಿಯ ವಿವರಣೆ

ನಮ್ಮ ಸಂಸ್ಥೆ ಅಂದರೆ ದೊಡ್ಡದೇನಲ್ಲ. ತುಮಕೂರಿನ ಅಶೋಕ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ, ಟೈಲರಿಂಗ್ ಸಾಮಾನು ಮಾರುವ ಅಂಗಡಿಯ ಮೇಲೆ ಒಂದು ಕೋಣೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು ನಮ್ಮ ಕೆಲಸ. ಕೋಣೆಗೆ ಕಿಟಕಿಯಿಲ್ಲ. ಹೊರಗಿನ ಗಲಾಟೆ ಒಳಗೆ ಬರದಿರಲೆಂದು ಗೋಡೆಗೆಲ್ಲ ಹಳೆಯ ರಜಾಯಿಗಳನ್ನು ಹೊಡೆದಿದ್ದೇವೆ. ಬಾಗಿಲು ಹಾಕಿಕೊಂಡರೆ ಬಸ್ಸು ಆಟೋಗಳ ಸದ್ದು ಪೂರ್ತಿ ನಿಂತುಹೋಗಿ, ಸ್ವಲ್ಪ ಹೊತ್ತಿಗೆ ನಮ್ಮ ಕಿವಿಯೊಳಗೆ ನಮ್ಮದೇ ರಕ್ತ ಹರಿಯುವುದು ಕೇಳತೊಡಗುತ್ತದೆ. ಹೊಸಬರು ಬಂದರೆ ಮೊದಲ ದಿನವೇ ಬಾಗಿಲು ತೆರೆದಿಡಿ ಎನ್ನುತ್ತಾರೆ.

ಓದುವವರಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವರು ಗುಬ್ಬಿಯ ಒಬ್ಬ ಹಿರಿಯ ಹೆಂಗಸು. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ತೆಂಗಿನ ತೋಟದ ಮನೆಯವರು, ಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ ಬಸ್ಸು ಹತ್ತಿ ಬಂದು ಓದಲು ಶುರುಮಾಡಿದವರು. ದನಿ ಸ್ವಲ್ಪ ಗೊಗ್ಗರು. ಆದರೆ ಅವರು ಓದಿದರೆ ಪಕ್ಕದಲ್ಲೇ ಕೂತು ಯಾರೋ ಮನೆ ಸಮಾಚಾರ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಹೋದ ವರ್ಷ ಬೇಸಿಗೆಯಲ್ಲಿ, ಒಂದು ದಪ್ಪ ಕಾದಂಬರಿಯನ್ನು ಅರ್ಧ ಓದಿ ಮುಗಿಸಿದ್ದಾಗ, ತೀರಿಕೊಂಡರು. ನಾನು ಆಗ ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಲು ಬೇರೆ ಊರಿಗೆ ಹೋಗಿದ್ದೆ. ಸುದ್ದಿ ತಿಳಿದು ಹೊರಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಕೂರುತ್ತಿದ್ದ ಮರದ ಕುರ್ಚಿಯನ್ನು ಯಾರೂ ಜರುಗಿಸಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಹಾಗೇ ಉಳಿಯಿತು ಅಷ್ಟೆ. ಉಳಿದವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಓದುತ್ತಿದ್ದೆವು.

ಆ ಮಳೆಗಾಲದ ಹೊತ್ತಿಗೆ ಒಂದು ವೆಬ್‌ಸೈಟ್ ಬೇಕೇ ಬೇಕು ಎಂಬ ಹಂತಕ್ಕೆ ಬಂದೆವು. ಮೊದಲು ಮೆಮೊರಿ ಕಾರ್ಡಿನಲ್ಲಿ ತುಂಬಿ ಅಂಚೆಗೆ ಹಾಕುತ್ತಿದ್ದೆವು. ಆಮೇಲೆ ವಾಟ್ಸ್ಯಾಪ್ ಬಂತು. ಕೇಳುವವರ ಫೋನ್ ತುಂಬಿಹೋಗುವುದು, ಡಿಲೀಟ್ ಆಗುವುದು, ಚೇಳೂರಿನವರು ಒಂದು ಪುಸ್ತಕ ಕೇಳಿದರೆ ಸಿ.ಎಸ್. ಪುರದವರು ಅದನ್ನೇ ಮರುವಾರ ಕೇಳುವುದು, ನಾನು ಮತ್ತೆ ಹುಡುಕಿ ಕಳಿಸುವುದು. ಎಲ್ಲ ಒಂದೇ ಕಡೆ ಇದ್ದರೆ ಅವರವರೇ ತೆರೆದು ಕೇಳಬಹುದಲ್ಲ ಎಂದು ಅಧ್ಯಕ್ಷರು ಹೇಳಿದರು. ಅವರು ನಿವೃತ್ತ ಕನ್ನಡ ಮೇಷ್ಟ್ರು. ಹೇಳಿ ನನ್ನ ಕಡೆ ನೋಡಿದರು. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಶಾಲೆಯ ಆನ್‌ಲೈನ್ ಕೆಲಸವನ್ನೆಲ್ಲ ನೋಡಿಕೊಳ್ಳುತ್ತೇನೆಂಬುದು ಅವರಿಗೆ ಗೊತ್ತಿತ್ತು.

ಕೋಡಿಂಗ್ ಬಾರದವರೂ ವೆಬ್‌ಸೈಟ್ ಕಟ್ಟಿಕೊಳ್ಳಬಹುದಾದ ವೇದಿಕೆಗಳು ಈಗ ಬೇಕಾದಷ್ಟಿವೆ. ಬಸ್ಸಿನಲ್ಲಿ ಓಡಾಡುವಾಗಲೆಲ್ಲ ಅವುಗಳ ಬಗ್ಗೆ ಓದಿದೆ. ಕೊನೆಗೆ ಮೂರನ್ನು ಉಳಿಸಿಕೊಂಡು, ಮೂರರಲ್ಲೂ ಕೆಲವು ವಾರಗಳ ಉಚಿತ ಖಾತೆ ತೆರೆದು, ಒಂದೊಂದು ಮಾದರಿ ಪುಟ ಮಾಡಿದೆ. ಹೆಸರುಗಳು ಅಧ್ಯಕ್ಷರ ಬಾಯಿಗೆ ಬರುತ್ತಿರಲಿಲ್ಲ. ಲೋಗೋದ ಬಣ್ಣ ನೋಡಿ ಅವರು ನೀಲಿ, ಹಸಿರು, ಕಪ್ಪು ಎಂದು ಕರೆಯತೊಡಗಿದರು. ನಮಗೂ ಅದೇ ರೂಢಿಯಾಯಿತು.

ನೀಲಿ ನೋಡಲು ಬಹಳ ಚೆಂದ. ಹಸಿರು ಸಾದಾ, ಆದರೆ ಎಲ್ಲ ನಾವೇ ಜೋಡಿಸಿಕೊಳ್ಳಬೇಕು. ಕಪ್ಪು ಎರಡರ ನಡುವಿನದು. ಆದರೆ ನೋಡಿ ಮೆಚ್ಚುವುದು ನಮ್ಮ ಕೆಲಸವಲ್ಲವಲ್ಲ. ಬಳಸುವವರು ಕೇಳಿ ಹೇಳಬೇಕು. ಹಾಗಾಗಿ ಮೂರು ಪುಟಗಳ ಲಿಂಕನ್ನೂ ಅದೇ ಬಣ್ಣದ ಹೆಸರು ಬರೆದು ಕುಣಿಗಲ್ಲಿನ ನಮ್ಮ ಕೇಳುಗರೊಬ್ಬರಿಗೆ ಕಳಿಸಿದೆ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು, ಹುಟ್ಟಿನಿಂದ ಕಣ್ಣಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ವ್ಯವಸ್ಥೆ ಅವರ ಫೋನಿನಲ್ಲಿದೆ. ಅಕ್ಕ ಓದಿದ ಪುಸ್ತಕಗಳೆಂದರೆ ಅವರಿಗೆ ಪ್ರಾಣ.

ಸಂಜೆಗೆ ಫೋನ್ ಬಂತು. "ಮೇಡಂ, ಆ ನೀಲಿದು ಬ್ಯಾಡವೇ ಬ್ಯಾಡ. ಎಲ್ಲಿ ಮುಟ್ಟಿದ್ರೂ ಬಟನ್, ಬಟನ್, ಬಟನ್ ಅಂತದೆ. ಯಾವ ಬಟನ್ನು ಅಂತ ಹೇಳಲ್ಲ. ಹಸಿರು ಪರ್ವಾಗಿಲ್ಲ. ಕಪ್ಪುದು ಭಾಳ ಚೆನ್ನಾಗೈತೆ. ಪುಸ್ತಕ ಎಲ್ಲಿ ನಿಲ್ಸಿದ್ನೋ ಅಲ್ಲಿಂದ್ಲೇ ಶುರುವಾಗ್ತದೆ."

"ಹಾಗಾದ್ರೆ ಕಪ್ಪೇ ಆಗಲಿ ಸರ್," ಎಂದೆ.

"ಆಗ್ಲಿ. ಒಂದು ಕೇಳ್ಬೇಕಿತ್ತು. ಆ ರೂಮಿನ ಫೋಟೋ ಹಾಕಿದೀರಲ್ಲ, ಅದರಲ್ಲಿ ಕೂತಿರೋರು ಯಾರು?"

ಮೂರೂ ಪುಟಗಳ ನೆತ್ತಿಯ ಮೇಲೆ ನಾನು ನಮ್ಮ ಕೋಣೆಯ ಒಂದೇ ಫೋಟೋ ಹಾಕಿದ್ದೆ. ಮೇಜು, ಮೈಕು, ಹಿಂದೆ ರಜಾಯಿ ಹೊಡೆದ ಗೋಡೆ, ಅಕ್ಕನ ಕುರ್ಚಿ. ಫೋಟೋ ತೆಗೆದಾಗ ಕೋಣೆಯಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ.

"ಯಾರೂ ಇಲ್ಲ ಸರ್. ಖಾಲಿ ಕುರ್ಚಿ."

"ಇಲ್ಲ ಮೇಡಂ. ಯಾರೋ ಕೂತವ್ರೆ ಅಂತ ಓದ್ತಾ ಐತೆ. ತಡೀರಿ, ಕೇಳಿಸ್ತೀನಿ."

ಅವರು ಫೋನಿನ ಆ ಯಂತ್ರದ ದನಿಯನ್ನು ಜೋರು ಮಾಡಿದರು. ಉಸಿರೇ ಇಲ್ಲದ, ಎಲ್ಲ ಪದಕ್ಕೂ ಒಂದೇ ತೂಕ ಕೊಡುವ ಹೆಣ್ಣುದನಿ ಅದು. ಹೇಳಿತು: "ಚಿತ್ರ. ಮೇಜಿನ ಮುಂದೆ ಮರದ ಕುರ್ಚಿಯಲ್ಲಿ ಕುಳಿತಿರುವ ವಯಸ್ಸಾದ ಮಹಿಳೆ. ಹಸಿರು ಸೀರೆ. ಹಣೆಯ ಮೇಲೆ ಬಿಳಿ ಬಣ್ಣ. ಕಣ್ಣುಗಳು ಮುಚ್ಚಿವೆ."

ಇಲ್ಲೊಂದು ವಿಷಯ ಹೇಳಬೇಕು. ವೆಬ್‌ಸೈಟಿನಲ್ಲಿ ಪ್ರತಿ ಫೋಟೋದ ಹಿಂದೆ ಒಂದು ಸಾಲು ವಿವರಣೆ ಬರೆದಿಡಬಹುದು. ಕಣ್ಣಿದ್ದವರಿಗೆ ಅದು ಕಾಣುವುದೇ ಇಲ್ಲ, ಫೋನು ಓದಿ ಹೇಳುವಾಗ ಮಾತ್ರ ಕೇಳುತ್ತದೆ. ಕಪ್ಪು ವೇದಿಕೆಯಲ್ಲಿ ಆ ಸಾಲನ್ನು ನಾವು ಬರೆಯದಿದ್ದರೆ, ಫೋಟೋ ನೋಡಿ ಯಂತ್ರವೇ ಬರೆದುಬಿಡುತ್ತಿತ್ತು. ನಾನು ಲ್ಯಾಪ್‌ಟಾಪ್ ತೆರೆದು ಆ ಜಾಗ ಹುಡುಕಿದೆ. ಅವರು ಕೇಳಿಸಿದ ಅದೇ ಸಾಲು ಅಕ್ಷರ ಬಿಡದೆ ಅಲ್ಲಿತ್ತು. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕುರ್ಚಿಯ ಬೆನ್ನಿನ ಪಟ್ಟಿಗಳ ನಡುವೆ ಹಿಂದಿನ ಗೋಡೆ ನಿಚ್ಚಳವಾಗಿ ಕಾಣುತ್ತಿತ್ತು.

ಯಂತ್ರಗಳು ತಪ್ಪು ಮಾಡುತ್ತವೆ ಎಂಬುದು ನನಗೆ ಹೊಸದಲ್ಲ. ಮಾರನೆಯ ದಿನ ಶಾಲೆಯ ಸ್ಟಾಫ್ ರೂಮಿನ ಫೋಟೋ ತೆಗೆದು ಹಾಕಿ ನೋಡಿದೆ. ಬೀರು, ಮೇಜು, ನೀರಿನ ಕ್ಯಾನು ಎಂದು ಸರಿಯಾಗಿ ಬರೆಯಿತು. ಗುಬ್ಬಿ ಬಸ್ ಸ್ಟ್ಯಾಂಡಿನ ಖಾಲಿ ಬೆಂಚು ಹಾಕಿದೆ. ಖಾಲಿ ಬೆಂಚು ಎಂದೇ ಬರೆಯಿತು. ನಮ್ಮ ಅಡುಗೆಮನೆಯ ಫೋಟೋದಲ್ಲಿ ಸೌಟುಗಳನ್ನೂ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಕೋಣೆಗೆ ಹೋದೆ. ಕೆಳಗಿನ ಅಂಗಡಿಗೆ ರಜೆ. ಟ್ಯೂಬ್‌ಲೈಟ್ ಹಾಕಿ, ಈ ಸಲ ಬಾಗಿಲ ಕಡೆಯಿಂದ ಫೋಟೋ ತೆಗೆದು ಅಲ್ಲೇ ನಿಂತು ಹಾಕಿದೆ. "ಕುರ್ಚಿಯಲ್ಲಿ ಕುಳಿತಿರುವ ವಯಸ್ಸಾದ ಮಹಿಳೆ, ಹಿಂಬದಿಯಿಂದ," ಎಂದು ಬಂತು. ಹಿಂಬದಿಯಿಂದ ಎಂಬ ಆ ಪದವನ್ನು ಎರಡು ಸಲ ಓದಿದೆ. ಅಂದರೆ ಈಗ ನಾನು ಅವರ ಬೆನ್ನ ಹಿಂದೆ ನಿಂತಿದ್ದೆ.

ಕುರ್ಚಿಯನ್ನು ಎತ್ತಿ ಹೊರಗೆ ಮೆಟ್ಟಿಲ ಬಳಿ ಇಟ್ಟೆ. ಅಷ್ಟು ದಿನದ ಮೇಲೆ ಅದನ್ನು ಮುಟ್ಟಿದ್ದು ಅದೇ ಮೊದಲು. ಮತ್ತೆ ಒಳಗೆ ಬಂದು ಬರೀ ಗೋಡೆ, ನೆಲ, ಮೇಜಿನ ಒಂದು ತುದಿ ಬರುವ ಹಾಗೆ ಫೋಟೋ ತೆಗೆದೆ. ಪರದೆಯ ಮೇಲೆ ಚಕ್ರ ಸ್ವಲ್ಪ ಹೊತ್ತು ತಿರುಗಿತು. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಟ್ಯೂಬ್‌ಲೈಟಿನ ಸಣ್ಣ ಗುಂಯ್ ಸದ್ದು ನನಗೆ ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆದಂತೆ ಕೇಳುತ್ತಿತ್ತು. ಸಾಲು ಬಂತು. "ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿರುವ ವಯಸ್ಸಾದ ಮಹಿಳೆ. ಹಸಿರು ಸೀರೆ. ಕೊರಳಲ್ಲಿ ಹೂವು. ಕಣ್ಣುಗಳು ಮುಚ್ಚಿವೆ."

ನಾನು ಆ ಗೋಡೆಯನ್ನು ನೋಡಿದೆ. ರಜಾಯಿಯ ಮಾಸಲು ಹೂಗಳಲ್ಲದೆ ಮತ್ತೇನೂ ಇರಲಿಲ್ಲ. ಆದರೂ ಬೆನ್ನು ತಿರುಗಿಸಲು ಆಗದೆ, ಗೋಡೆಯನ್ನೇ ನೋಡುತ್ತ ಹಿಂದಕ್ಕೆ ಹೆಜ್ಜೆ ಹಾಕಿ ಬಾಗಿಲವರೆಗೆ ಬಂದೆ. ಕುರ್ಚಿಯನ್ನು ಒಳಗಿಟ್ಟೆ. ಅದನ್ನು ಹೊರಗೆ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಬೀಗ ಹಾಕಿ ಮೆಟ್ಟಿಲಿಳಿದೆ.

ವೇದಿಕೆಯವರಿಗೆ ಬರೆದು ಕೇಳಿದೆ. ಬಟ್ಟೆಯ ಮಡಿಕೆ, ನೆರಳು ಇಂಥವನ್ನು ಯಂತ್ರ ಮನುಷ್ಯಾಕೃತಿ ಎಂದು ತಿಳಿಯುವುದುಂಟು, ವಿವರಣೆಯನ್ನು ನೀವೇ ತಿದ್ದಿಕೊಳ್ಳಬಹುದು ಎಂದು ವಿನಯದ ಉತ್ತರ ಬಂತು. ಪಾಠ ಮಾಡುವವಳಾಗಿ ನಾನೂ ಮಕ್ಕಳಿಗೆ ಅದನ್ನೇ ಹೇಳುತ್ತಿದ್ದೆ. ಅಧ್ಯಕ್ಷರಿಗೆ ತೋರಿಸಿದೆ. "ನೆರಳು ಬೆಳಕಿನ ಆಟ ಕಣಮ್ಮ," ಎಂದರು. ಆದರೆ ಆ ವಾರ ತಾವೇ ಓದಲು ಬಂದಾಗ ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಆನಿಸಿ, ಕೋಣೆಯೆಲ್ಲ ಎದುರಿಗೆ ಕಾಣುವ ಹಾಗೆ ಕೂತರು. ಓದುತ್ತ ಓದುತ್ತ ಎರಡು ಸಲ ಸಾಲು ತಪ್ಪಿದರು.

ಹೇಗಿದ್ದರೂ ಅಕ್ಕನ ದನಿಯನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಬೇಕಾದರೆ ಅವರ ಮನೆಯವರನ್ನು ಒಂದು ಮಾತು ಕೇಳಬೇಕಿತ್ತು. ಶಾಲೆ ಬಿಟ್ಟ ಮೇಲೆ ಗುಬ್ಬಿಯಲ್ಲಿನ ಅವರ ಮನೆಗೆ ಹೋದೆ. ಸೊಸೆ ಒಬ್ಬರೇ ಇದ್ದರು, ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನಗೂ ಜಾಗ ಮಾಡಿಕೊಟ್ಟರು.

"ಹಾಕಿ ಮೇಡಮ್ಮೋರೆ, ಅದಕ್ಕೇನಂತೆ. ಅತ್ತೆ ಇದ್ದಿದ್ರೆ ಕುಣಿದಾಡೋರು," ಎಂದರು. ಬಿಡಿಸಿದ ಬೀಜಗಳನ್ನು ಪಕ್ಕಕ್ಕೆ ಸರಿಸಿ, "ನಂಗೆ ಕೇಳಕ್ಕೆ ಧೈರ್ಯ ಇಲ್ಲ ಕಣ್ರೀ. ಮನೇಲಿ ಯಾರಾದ್ರೂ ಹಾಕ್ಬುಟ್ರೆ ಎದ್ದು ಹಿತ್ತಲಿಗೆ ಹೋಗ್ಬುಡ್ತೀನಿ," ಎಂದರು.

ಹೇಳಬೇಕೆಂದು ನಾನು ಹೋಗಿರಲಿಲ್ಲ. ಆದರೆ ಹೇಳಿಬಿಟ್ಟೆ. ಯಂತ್ರ ಏನೋ ತಪ್ಪು ತಪ್ಪಾಗಿ ಬರೆಯುತ್ತಿದೆ ಎಂದು ನಗೆಯ ಮಾತಿನ ಹಾಗೆ ಶುರುಮಾಡಿದೆ. ಹಸಿರು ಸೀರೆ ಎಂದಾಗ ಅವರ ಕೈ ನಿಂತಿತು.

"ಯಾವ ಹಸಿರು ಅಂತ ಹೇಳ್ತದಾ?"

"ಇಲ್ಲ. ಹಸಿರು ಅಂತ ಅಷ್ಟೇ."

"ಗಿಳಿಹಸಿರು. ಮೊಮ್ಮಗಳು ದೊಡ್ಡೋಳಾದಾಗ ಮಾಡೋ ಆರತಿಗೆ ಅಂತ ತಂದು ಇಟ್ಕೊಂಡಿದ್ರು. ಒಂದು ದಿನಾನೂ ಉಟ್ಟಿರಲಿಲ್ಲ. ಬೀರು ಒಳಗಿಂದ ನಾನೇ ತೆಗೆದು, ನಾನೇ ಉಡಿಸ್ದೆ." ಅವರು ಒಳಗಿನ ನಡುಮನೆಯ ಕಡೆ ತಲೆಯಾಡಿಸಿದರು. "ಅಲ್ಲೇ, ಆ ಗೋಡೆಗೆ ಒರಗಿಸಿ ಕೂರಿಸಿದ್ವಿ. ನಮ್ಮಲ್ಲಿ ಮಲಗಿಸಲ್ವಲ್ಲ. ಹಣೆ ತುಂಬ ವಿಭೂತಿ ಬಳಿದು, ಹೂವಿನ ಹಾರ ಹಾಕಿ. ನೋಡೋಕೆ ಬಂದೋರೆಲ್ಲ ನಿದ್ದೆ ಮಾಡ್ತಾ ಅವ್ರೆ ಅಂದ್ರು."

ಅವರ ಜನದಲ್ಲಿ ತೀರಿಕೊಂಡವರನ್ನು ಹಾಗೆ ಕೂರಿಸಿಯೇ ಮಣ್ಣು ಮಾಡುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಆ ಸೀರೆಯನ್ನು ನಾನು ನೋಡಿರಲಿಲ್ಲ. ಯಾರಾದರೂ ಅಂದು ಫೋಟೋ ತೆಗೆದಿದ್ದರೇ, ಅದು ಎಲ್ಲಾದರೂ ಇಂಟರ್‌ನೆಟ್ಟಿಗೆ ಹೋಗಿತ್ತೇ ಎಂದು ಕೇಳಿದೆ.

"ಅತ್ತೆಗೆ ಫೋಟೋ ಅಂದ್ರೆ ಆಗ್ತಿರಲಿಲ್ಲ. ಅದಕ್ಕೇ ನಮ್ಮೆಜಮಾನ್ರು ಯಾರಿಗೂ ತೆಗೆಯಕ್ಕೆ ಬಿಡ್ಲಿಲ್ಲ," ಎಂದರು.

ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುವಾಗ ಸಂಜೆಯ ಬಿಸಿಲು ಇನ್ನೂ ಇತ್ತು, ಜನರೂ ಇದ್ದರು. ಆದರೂ ದಾರಿಯುದ್ದಕ್ಕೂ ನನ್ನ ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟು ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಕ್ಕದ ಸೀಟಿನಲ್ಲಿ ತುಮಕೂರಿನವರೆಗೂ ಯಾರೂ ಬಂದು ಕೂರಲಿಲ್ಲ. ನಿಂತವರಿದ್ದರು.

ಉಚಿತ ಖಾತೆಯ ಅವಧಿ ಮುಗಿಯುತ್ತ ಬಂದಿತ್ತು. ಚಂದಾ ಕಟ್ಟದಿದ್ದರೆ ನಿಮ್ಮ ಪುಟ ಅಳಿಸಿಹೋಗುತ್ತದೆ ಎಂದು ಕಪ್ಪು ವೇದಿಕೆಯಿಂದ ದಿನಾ ಮೇಲ್ ಬರುತ್ತಿತ್ತು. ಯಾವುದೆಂದು ತೀರ್ಮಾನಿಸಬೇಕಿತ್ತು. ಅದಕ್ಕೆ ಮೊದಲು ಕುಣಿಗಲ್ಲಿನವರ ಮುಂದೆ ಕೂತು ಎಲ್ಲ ಹೇಳಬೇಕೆನಿಸಿತು. ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದೆ.

ಅವರ ಮನೆ ದೊಡ್ಡಕೆರೆಯ ಕಡೆಗಿದೆ. ಕೆರೆ ತುಂಬಿತ್ತು, ಗಾಳಿ ನೇರ ಮನೆಯೊಳಗೆ ಬರುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಹೆದರಿಕೆಯ ಒಂದು ಗೆರೆಯೂ ಮುಖದ ಮೇಲೆ ಬರಲಿಲ್ಲ.

"ನಾನೊಂದು ಹೇಳ್ತೀನಿ, ತಪ್ಪು ತಿಳೀಬ್ಯಾಡಿ," ಎಂದರು. "ಫೋಟೋ ಅಂದ್ರೆ ನಂಗೆ ಯಾರೋ ಒಬ್ರು ಹೇಳೋ ಮಾತು, ಅಷ್ಟೆ. ಹುಟ್ಟಿದಾಗಿಂದ ಹಂಗೇ. ಚೆನ್ನಾಗಿ ಕಾಣ್ತೀರಿ ಅಂತಾರೆ, ಹೂಂ ಅಂತೀನಿ. ಕುರ್ಚಿ ಖಾಲಿ ಐತೆ ಅಂತ ನೀವು ಹೇಳ್ತೀರಿ. ಕೂತವ್ರೆ ಅಂತ ಅದು ಹೇಳ್ತದೆ. ನಂಗೆ ಎರಡೂ ಒಂದೇ ದೂರ."

"ನಾನು ಕಣ್ಣಾರೆ ನೋಡಿದೀನಿ ಸರ್."

"ನೋಡಿದೀರಿ. ಇಲ್ಲ ಅನ್ನಲ್ಲ." ನಕ್ಕರು. "ಆದ್ರೆ ಅವ್ರು ಕೂತಿದ್ದಾಗ್ಲೂ ನಾನು ನೋಡಿರಲಿಲ್ವಲ್ಲ ಮೇಡಂ. ಇದ್ರು ಅಂತ ಆಗ ಹೆಂಗೆ ನಂಬಿದ್ನೋ ಈಗ್ಲೂ ಹಂಗೇ."

ಹೊರಗೆ ಕೆರೆಯ ನೀರು ಏರಿಯ ಕಲ್ಲಿಗೆ ಬಡಿಯುವುದು ಕೇಳುತ್ತಿತ್ತು. ಅವರ ಹೆಂಡತಿ ಕಾಫಿ ತಂದುಕೊಟ್ಟು ಒಳಗೆ ಹೋದರು.

ಶನಿವಾರ ಸಭೆ. ದೂರದವರು ಫೋನಿನಲ್ಲೇ ಸೇರಿಕೊಂಡರು. ಅಧ್ಯಕ್ಷರು ಹಸಿರೇ ಆಗಲಿ ಎಂದರು. ಸಾದಾ ಇದೆ, ನಮಗೆ ಅಷ್ಟು ಸಾಕು ಎಂದು ಕಾರಣ ಕೊಟ್ಟರು. ಕೇಳುಗರು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಕಪ್ಪು ಪುಟದ ಲಿಂಕು ಅವರವರಲ್ಲೇ ಓಡಾಡಿಬಿಟ್ಟಿತ್ತು, ಎಲ್ಲರೂ ಆ ಸಾಲನ್ನು ಕೇಳಿದ್ದರು. ಚೇಳೂರಿನ ಹೆಂಗಸೊಬ್ಬರು ನೇರವಾಗಿ ಹೇಳಿದರು. "ಅಲ್ಲಿ ಅಕ್ಕ ಅವ್ರೆ. ಅದನ್ನ ಅಳಿಸಿ ಹೋಗಕ್ಕೆ ಬಿಡ್ತೀರಾ? ನೀವು ಕಾಣಲ್ಲ ಅಂದ್ರೆ ಕಾಣಬ್ಯಾಡಿ ಬುಡಿ. ನಮಗೋಸ್ಕರ ತಾನೇ ಮಾಡ್ತಿರೋದು?"

ಅಧ್ಯಕ್ಷರು ಫೋನಿನ ಮೈಕನ್ನು ಕೈಯಿಂದ ಮುಚ್ಚಿಕೊಂಡು ನನ್ನ ಕಡೆ ಬಾಗಿದರು. "ನಿಜ ಹೇಳ್ಬೇಕು ಅಂದ್ರೆ ಈ ರೂಮಿಗೆ ಬರೋಕೇ ನಂಗೆ ಆಗ್ತಿಲ್ಲಮ್ಮ," ಎಂದರು. ಅವರ ಕಣ್ಣು ಕುರ್ಚಿಯ ಮೇಲಿತ್ತು. ನಾವಿಬ್ಬರೂ ಅದರಿಂದ ದೂರದ ಮೂಲೆಯಲ್ಲಿ, ಒಂದೇ ಬೆಂಚಿನ ಮೇಲೆ, ಒತ್ತಾಗಿ ಕೂತಿದ್ದೆವು.

ಕಪ್ಪನ್ನೇ ಆರಿಸಿದೆವು. ಚಂದಾ ಕಟ್ಟಿ, ಪುಸ್ತಕಗಳನ್ನೆಲ್ಲ ಏರಿಸಿ, ಸೈಟ್ ಶುರುಮಾಡಿದೆವು. ಫೋಟೋ ಅಲ್ಲೇ ಉಳಿಯಿತು. ಅದರ ವಿವರಣೆಯನ್ನು ತಿದ್ದಲು ನನಗೆ ಅಧಿಕಾರವಿತ್ತು, ತಿದ್ದಲಿಲ್ಲ. ಕೆಲವರು ದಿನಾ ಬೆಳಿಗ್ಗೆ ಪುಸ್ತಕ ಶುರುಮಾಡುವ ಮೊದಲು ಆ ಚಿತ್ರದ ಮೇಲೆ ಬೆರಳಿಟ್ಟು ಸಾಲನ್ನು ಒಮ್ಮೆ ಕೇಳುತ್ತಾರೆಂದು ಆಮೇಲೆ ತಿಳಿಯಿತು. ಅಧ್ಯಕ್ಷರು ತಮ್ಮ ಓದನ್ನು ಮನೆಯಿಂದಲೇ ಮಾಡಿ ಕಳಿಸತೊಡಗಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಊಟದ ಬಿಡುವಿನಲ್ಲಿ, ಕುಣಿಗಲ್ಲಿನಿಂದ ಫೋನ್.

"ಮೇಡಂ, ಏನಾದ್ರೂ ಬದ್ಲಾಯಿಸಿದ್ರಾ?"

"ಇಲ್ವಲ್ಲ ಸರ್. ಯಾಕೆ?"

"ಅವ್ರು ಎದ್ದು ಹೋಗವ್ರೆ."

ನಾನು ಅಲ್ಲೇ ಶಾಲೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. "ಮರದ ಕುರ್ಚಿ, ಮೇಜು ಮತ್ತು ಮೈಕ್ ಇರುವ ಕೋಣೆ," ಎಂದಷ್ಟೇ ಇತ್ತು. ಯಂತ್ರವನ್ನು ಸುಧಾರಿಸಿದ್ದೇವೆ, ಹಳೆಯ ಚಿತ್ರಗಳಿಗೂ ಹೊಸ ವಿವರಣೆ ಬರೆಯಲಾಗಿದೆ ಎಂದು ವೇದಿಕೆಯವರ ಮೇಲ್ ಒಂದು ಅದೇ ವಾರ ಬಂದಿದ್ದು ಕಣ್ಣಿಗೆ ಬಿತ್ತು. ನಿರಾಳವಾಗಬೇಕಿತ್ತು. ಸ್ಟಾಫ್ ರೂಮಿನ ಗದ್ದಲದ ನಡುವೆ ನನ್ನ ಕಣ್ಣಲ್ಲಿ ನೀರು ಬಂತು.

"ಹಳೇದನ್ನೇ ಮತ್ತೆ ಟೈಪ್ ಮಾಡಿ ಹಾಕ್ಲಾ ಸರ್?" ಎಂದು ಕೇಳಿದೆ.

"ಬ್ಯಾಡ. ನೀವು ಬರೆದ್ರೆ ನೀವು ಬರೆದಿದ್ದಾಗ್ತದೆ. ಹೋಗ್ಲಿ ಬುಡಿ." ಆಮೇಲೆ, ಮಾತು ಬದಲಿಸುವವರ ಹಾಗೆ, "ಆ ಕಾದಂಬರಿ ಅರ್ಧಕ್ಕೇ ನಿಂತದಲ್ಲ. ಮಿಕ್ಕಿದ್ದು ಯಾರು ಓದ್ತೀರಿ?" ಎಂದರು.

ನಾನು ಓದಿದೆ. ಶನಿವಾರಗಳಂದು ಹೋಗಿ, ಅದೇ ಮರದ ಕುರ್ಚಿಯಲ್ಲಿ ಕೂತು ಓದಿ ಮುಗಿಸಿದೆ. ಮೊದಲ ದಿನ ಬಾಗಿಲು ತೆರೆದಿಟ್ಟಿದ್ದೆ, ಕೆಳಗಿನ ಅಂಗಡಿಯವರ ಮಾತೆಲ್ಲ ರೆಕಾರ್ಡ್ ಆಯಿತು. ಆಮೇಲೆ ಮುಚ್ಚಿಕೊಂಡೆ.

ಪುಸ್ತಕವನ್ನು ಒಂದೇ ಕಡತವಾಗಿ ಜೋಡಿಸುವಾಗ, ಅಕ್ಕನ ದನಿ ನಿಲ್ಲುವ ಜಾಗಕ್ಕೂ ನನ್ನ ದನಿ ಶುರುವಾಗುವ ಜಾಗಕ್ಕೂ ನಡುವೆ ಒಂದಿಷ್ಟು ಮೌನ ಉಳಿದುಕೊಂಡಿತು. ಅವರು ಕೊನೆಯ ದಿನ ಓದು ನಿಲ್ಲಿಸಿ ರೆಕಾರ್ಡರ್ ಆರಿಸುವ ಮುಂಚಿನ ಕೋಣೆಯ ಮೌನ. ಅದನ್ನು ಕತ್ತರಿಸುವುದಕ್ಕೆ ಮೊದಲು ಕುಣಿಗಲ್ಲಿನವರಿಗೆ ಕಳಿಸಿ ಕೇಳಿದೆ.

"ಕತ್ತರಿಸಬ್ಯಾಡಿ ಮೇಡಂ," ಎಂದರು. "ಅಲ್ಲಿ ಐತೆ."

"ಏನಿದೆ ಸರ್?"

"ಕೇಳ್ರಿ, ಗೊತ್ತಾಗ್ತದೆ."

ಹೆಡ್‌ಫೋನ್ ಹಾಕಿಕೊಂಡು, ದನಿಯನ್ನು ಪೂರ್ತಿ ಜೋರು ಮಾಡಿ, ಮತ್ತೆ ಮತ್ತೆ ಕೇಳಿದೆ. ನನಗೇನೂ ಕೇಳಲಿಲ್ಲ. ಕತ್ತರಿಸದೆ ಹಾಗೇ ಹಾಕಿದ್ದೇನೆ.